ಸಯಾನ್ ಬಂದಾಗಲೇ ಏಳಬೇಕು

ವೈನಿಯ ತಲೆಯ ಮೇಲೆ ಒಂದು ಗೆರೆಯಿತ್ತು. ಬೈತಲೆಯ ಗೆರೆಯಲ್ಲ. ಒಂದು ಕಿವಿಯ ಮೇಲಿನಿಂದ ಹೊರಟು ನೆತ್ತಿಯನ್ನು ದಾಟಿ ಇನ್ನೊಂದು ಕಿವಿಯ ತನಕ ಕೂದಲು ಅಡ್ಡಲಾಗಿ ಒತ್ತಿ ಮಲಗಿತ್ತು, ಬೆರಳಗಲ. ಟೆಲಿಫೋನ್ ಬೋರ್ಡಿನ ಮುಂದೆ ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತದ್ದರ ಗುರುತು ಅದು. ಭಾನುವಾರ ತಲೆಗೆ ನೀರು ಹಾಕಿಕೊಂಡು, ಎಣ್ಣೆ ಹಚ್ಚಿ, ಎಷ್ಟು ಬಾಚಿದರೂ ಹೋಗುತ್ತಿರಲಿಲ್ಲ. ಕಡೆಗೆ ವೈನಿ ಅದರ ಜೊತೆ ರಾಜಿ ಮಾಡಿಕೊಂಡಿದ್ದರು. ಸಂಜೆ ಮುಂಬಯಿಯ ವಿ.ಟಿ. ಸ್ಟೇಷನ್ನಿನ ಹೊರಗೆ ಒಂದು ದಂಡೆ ಕನಕಾಂಬರ ಕೊಂಡು, ಎಲ್ಲರ ಹಾಗೆ ಜಡೆಗೆ ಮುಡಿಯದೆ, ಆ ಗೆರೆಯೊಳಗೆ ಅಡ್ಡಡ್ಡ ಕೂರಿಸುತ್ತಿದ್ದರು. ಮೈಸೂರಿನ ನಾನು ಕನಕಾಂಬರ ಎನ್ನುವುದನ್ನು ಧಾರವಾಡದ ವೈನಿ ಅಬ್ಬಲಿಗಿ ಎನ್ನುತ್ತಿದ್ದರು. ಬೇಗ ಬಾಡುವ ಹೂವಲ್ಲವೆಂದು ಅವರಿಗೆ ಅದರ ಮೇಲೆ ಪ್ರೀತಿ.

ವೈನಿ ಎಂದರೆ ಅವರ ಕಡೆ ಅಣ್ಣನ ಹೆಂಡತಿ. ಆದರೆ ಅವರಿಗೆ ಮದುವೆಯೇ ಆಗಿರಲಿಲ್ಲ. ಲೋಕಲ್ ರೈಲಿನ ಮರಾಠಿ ಹೆಂಗಸರು ವಹಿನಿ ಎಂದರು, ಕನ್ನಡದವರು ವೈನಿ ಎಂದೆವು, ಗುಜರಾತಿಯವರೂ ಅದನ್ನೇ ಹಿಡಿದರು. ಮದುವೆಯಾಗದವರು ಇಡೀ ಲೇಡೀಸ್ ಡಬ್ಬಿಗೆ ಅತ್ತಿಗೆಯಾದದ್ದು ಹೇಗೆಂದು ನಾನು ಒಮ್ಮೆ ಕೇಳಿಯೇಬಿಟ್ಟೆ. "ಅಣ್ಣ ಇನ್ನೂ ಸಿಕ್ಕಿಲ್ಲವಾ, ಹುಡುಕಲಿಕತ್ತೇನಿ" ಎಂದು ನಕ್ಕರು.

ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಕುರ್ಲಾಕ್ಕೆ ಬಂದ ನಾನು ಕೋಟೆಯ ಕಡೆ, ಅಂದರೆ ಫೋರ್ಟಿನಲ್ಲಿ, ಒಂದು ಸಣ್ಣ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ವೈನಿ ಅಲ್ಲೇ ಎರಡು ರಸ್ತೆಯಾಚೆ ಒಂದು ಔಷಧ ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್. ಅವರದೂ ಕುರ್ಲಾವೇ. ಸಂಜೆ ಒಂದೇ ಲೋಕಲ್ ಹಿಡಿಯುತ್ತಿದ್ದೆವು. ಕಿಟಕಿ ವೈನಿಯದು, ಪಕ್ಕದ ಜಾಗ ನನ್ನದು. ಯಾರೂ ಬರೆದುಕೊಟ್ಟದ್ದಲ್ಲ, ಹಾಗೇ ಆಗಿಹೋಗಿತ್ತು.

ಸಂಜೆಯ ಲೋಕಲ್‌ನಲ್ಲಿ ಸೀಟು ಕೇಳುವುದಕ್ಕೆ ಒಂದು ರೀತಿಯಿದೆ. ದಾರಿಯಲ್ಲಿ ಹತ್ತಿದವಳು ಕೂತವರ ಮುಖ ನೋಡುತ್ತ "ಕಹಾಂ?" ಎನ್ನುತ್ತಾಳೆ. ಎಲ್ಲಿ ಇಳಿಯುತ್ತೀ ಎಂದು. "ಕುರ್ಲಾ" ಎಂದರೆ ಮುಗಿಯಿತು, ಕುರ್ಲಾದ ನಂತರ ಆ ಸೀಟು ಅವಳದು. ಬೇರೆ ಯಾರು ಬಂದು ಕೇಳಿದರೂ ಕೊಡುವಂತಿಲ್ಲ. ಕೂತವಳು ತನ್ನ ಸ್ಟೇಷನ್ ಬರುವ ತನಕ ಕೂತಿರುವಂತೆಯೂ ಇಲ್ಲ. ಕುರ್ಲಾಕ್ಕೆ ಮುಂಚಿನ ಸ್ಟೇಷನ್ ಸಯಾನ್. ಸಯಾನ್ ಬಂದಾಗಲೇ ಎದ್ದು, ಕೇಳಿದವಳನ್ನು ಕೂರಿಸಿ, ನಾವು ಬಾಗಿಲ ಕಡೆ ಸರಿದುಕೊಳ್ಳಬೇಕು. ಕುರ್ಲಾ ಬಂದ ಮೇಲೆ ಎದ್ದರೆ ಒಳನುಗ್ಗುವ ಜನ ನಮ್ಮನ್ನು ಇಳಿಯಲು ಬಿಡುವುದಿಲ್ಲ.

ಎಲ್ಲರೂ ಏಳುತ್ತಿದ್ದರು, ಆದರೆ ವೈನಿ ಏಳುವುದೇ ಬೇರೆ. ಮೊದಲು ಸೀಟಿನ ಮೇಲೆ ಬಿದ್ದ ಶೇಂಗಾ ಸಿಪ್ಪೆಯನ್ನು ಕೈಯಿಂದ ಒರೆಸುವರು. ಆಮೇಲೆ ಕೂರುವವಳಿಗೆ, ಕಿಟಕಿಯ ಬಾಗಿಲು ಸಡಿಲವಾಗಿದೆ, ಮೊಣಕೈ ಇಡಬೇಡ ಎಂದೋ, ಬಿಸಿಲು ಇನ್ನೊಂದು ಗಳಿಗೆ ಕಣ್ಣಿಗೆ ಹೊಡೆಯುತ್ತದೆ, ಆಮೇಲೆ ತಂಪಾಗುತ್ತದೆ ಎಂದೋ ಹೇಳುವರು. ಮನೆಯ ಬೀಗದ ಕೈ ಒಪ್ಪಿಸುವವರ ಗತ್ತು. ನನಗೆ ನಗು ಬರುತ್ತಿತ್ತು.

ಕಿಟಕಿಯಾಚೆ ಮುಷ್ಕರದಲ್ಲಿ ಮುಚ್ಚಿದ ಪರಳದ ಮಿಲ್ಲುಗಳ ಚಿಮಣಿಗಳು ಹೊಗೆಯಿಲ್ಲದೆ ನಿಂತಿರುತ್ತಿದ್ದವು. ಸಂಜೆಯ ಬೆಳಕು ಡಬ್ಬಿಯೊಳಗೆ ಬಂದು, ಮೆಂತ್ಯ ಬಿಡಿಸುವವರ ಮಡಿಲಿನ ಮೇಲೆ, ತೂಕಡಿಸುವವರ ಕೆನ್ನೆಯ ಮೇಲೆ ಓಡಾಡುತ್ತಿತ್ತು. ಅದೇ ಹೊತ್ತಿಗೆ ವೈನಿ ತಮ್ಮ ಕನಸನ್ನು ಹೇಳುತ್ತಿದ್ದರು. ಎಷ್ಟು ಸಲ ಕೇಳಿದ್ದೇನೋ, ಬೇಸರವಾದದ್ದಿಲ್ಲ. ಅವರ ಕಂಪನಿಗೆ ಕೊಲ್ಹಾಪುರ, ನಾಗಪುರ, ಹುಬ್ಬಳ್ಳಿ, ರಾಜಕೋಟ್‌ಗಳಲ್ಲಿ ಶಾಖೆಗಳಿದ್ದವು. ಒಂದೊಂದರಲ್ಲೂ ಒಬ್ಬ ಆಪರೇಟರ್. ದಿನವೂ ಮಾತು, ಮುಖ ಮಾತ್ರ ಯಾವತ್ತೂ ನೋಡಿಲ್ಲ. ಕೆಲಸ ಬಿಟ್ಟ ಮೇಲೆ ಒಂದೊಂದೇ ಊರಿಗೆ ಹೋಗಿ ಆ ಧ್ವನಿಗಳನ್ನೆಲ್ಲ ನೋಡಿಕೊಂಡು ಬರುವುದು ಅವರ ಯೋಜನೆ. ರಾಜಕೋಟ್‌ನದು ಕಡೆಗೆ.

"ಕಡೆಗ್ಯಾಕೆ ವೈನಿ?"

"ಛೊಲೊದನ್ನ ಕಡೀಗೇ ತಿನ್ನಬೇಕವಾ."

ಎರಡೂ ಕಡೆಯ ಸಾಹೇಬರು ಫೋನಿಗೆ ಬರುವ ತನಕ ಲೈನು ಹಿಡಿದು ಕಾಯುವಾಗ ವೈನಿಗೂ ರಾಜಕೋಟ್‌ನಾಕೆಗೂ ಎಷ್ಟೋ ಸಲ ಮಾತೇ ಇರುತ್ತಿರಲಿಲ್ಲವಂತೆ. ಅಲ್ಲಿನ ಫ್ಯಾನು ತಿರುಗುವ ಸದ್ದು ಇಲ್ಲಿಗೆ ಕೇಳುತ್ತಿತ್ತಂತೆ. ಆಕೆ ಮೆಲ್ಲಗೆ ಏನೋ ಗುನುಗುತ್ತಿದ್ದಳಂತೆ. "ಮಧ್ಯಾಹ್ನ ಒಂದೇ ಮನ್ಯಾಗ ಇಬ್ಬರು ಸುಮ್ಮನ ಮಲಗಿದಂಗ ಅನಸ್ತಿತ್ತು" ಎಂದು ಹೇಳಿ ವೈನಿ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು.

ನನಗೂ ಒಂದು ಕನಸಿತ್ತು. ನನಗೆ ಬ್ಲೌಸ್ ಹೊಲಿಯುವುದೆಂದರೆ ಊಟ ತಿಂಡಿ ಬೇಡ. ಲೋಕಲ್‌ನಲ್ಲೇ ಹುಕ್ಕು ಹಚ್ಚುತ್ತ, ಸೀರೆಗೆ ಫಾಲ್ ಹಾಕುತ್ತ ಕೂತಿರುತ್ತಿದ್ದೆ. ಡಬ್ಬಿಯ ಹೆಂಗಸರು ಬಟ್ಟೆ ಕೊಡತೊಡಗಿದ್ದರು. ಟೈಪಿಂಗ್ ಬಿಟ್ಟು ಸ್ವಂತ ಹೊಲಿಗೆಯ ಅಂಗಡಿ ಇಡಬೇಕು. ಗಾಜಿನ ಬೀರು, ದೊಡ್ಡ ಕನ್ನಡಿ, ಬಾಗಿಲಿಗೆ ಹೂವಿನ ಪರದೆ. ಪರದೆಯ ಬಣ್ಣ ಕೂಡ ಗೊತ್ತಿತ್ತು. ಅಂಗಡಿ ಎಲ್ಲಿ ಎಂಬುದು ಮಾತ್ರ ಗೊತ್ತಿರಲಿಲ್ಲ.

ಒಂದು ದಿನ ನಮ್ಮ ಮ್ಯಾನೇಜರು ನನ್ನ ಸೀರೆಯ ಮೇಲೆ ಅಂಟಿಕೊಂಡಿದ್ದ ದಾರದ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, "ಯೇ ಆಫೀಸ್ ಹೈ, ದರ್ಜಿ ಕೀ ದುಕಾನ್ ನಹೀಂ" ಎಂದರು. ಇಡೀ ಆಫೀಸು ನಕ್ಕಿತು. ನನ್ನ ಮೈಯೆಲ್ಲ ಉರಿದುಹೋಯಿತು. ಊಟದ ಬಿಡುವಿನಲ್ಲಿ ಊಟ ಮಾಡದೆ ರಾಜೀನಾಮೆ ಟೈಪ್ ಮಾಡಿದೆ. ಕೊನೆಗೆ, ನಿಮ್ಮಂಥವರ ಕೈಕೆಳಗೆ ದುಡಿಯುವುದಕ್ಕಿಂತ ದರ್ಜಿಯ ಕೆಲಸವೇ ಮರ್ಯಾದೆಯದ್ದು ಎಂದೂ ಸೇರಿಸಿದೆ. ನಾಳೆ ಬೆಳಿಗ್ಗೆ ಅವರ ಮೇಜಿನ ಮೇಲೆ ಎಸೆದು, ತಿರುಗಿ ನೋಡದೆ ಬರುವುದು ಎಂದುಕೊಂಡು ರೈಲು ಹತ್ತಿದೆ. ವೈನಿಗೂ ಅಷ್ಟನ್ನೇ ಹೇಳಿದೆ. ಅವರು "ಹ್ಞೂಂ" ಎಂದರು.

ಭಾಯಖಳಾದಲ್ಲಿ ಹತ್ತಿದ ಒಬ್ಬ ಬಸುರಿ ಹೆಂಗಸು "ಕಹಾಂ?" ಎಂದಳು. "ಕುರ್ಲಾ" ಎಂದೆ. ಅವಳು ಮೇಲೆ ತೂಗುವ ಹಿಡಿಯನ್ನು ಹಿಡಿದು ನನ್ನೆದುರು ನಿಂತಳು. ನಾನು ಕಣ್ಣು ಮುಚ್ಚಿದೆ. ಮ್ಯಾನೇಜರ ಪೆಚ್ಚಾದ ಮುಖ ಬಂತು, ಆಮೇಲೆ ನನ್ನ ಅಂಗಡಿ ಬಂತು. ಹೂವಿನ ಪರದೆ ಗಾಳಿಗೆ ಹಾರುತ್ತಿತ್ತು. ಕನ್ನಡಿಯ ಮುಂದೆ ಯಾರೋ ತಿರುಗಿ ತಿರುಗಿ ಬೆನ್ನು ನೋಡಿಕೊಳ್ಳುತ್ತಿದ್ದರು. ಎಷ್ಟು ಹಾಯಾಗಿತ್ತೆಂದರೆ ಸಯಾನ್ ಬಂದದ್ದೂ, ವೈನಿ ನನ್ನ ಭುಜ ತಟ್ಟಿ ಬಾಗಿಲಿಗೆ ಹೋದದ್ದೂ ಕನಸಿನದೇ ಒಂದು ಭಾಗವೆನಿಸಿತು.

ಕಣ್ಣು ಬಿಟ್ಟಾಗ ಕುರ್ಲಾ. ಜನ ನುಗ್ಗಿಯಾಗಿತ್ತು. ಎದ್ದೆ, ಹೋಗಲಾಗಲಿಲ್ಲ. ರೈಲು ಹೊರಟಿತು. ಆ ಬಸುರಿ ಅಷ್ಟು ಹೊತ್ತೂ ನಿಂತೇ ಇದ್ದಳು, ಕಾಲು ಬಾತು ಚಪ್ಪಲಿಯ ಪಟ್ಟಿ ಹುಗಿದುಹೋಗಿತ್ತು. "ಸಯಾನ್ ಸೇ ಖಡೀ ದೇಖ್ ರಹೀ ಹೂಂ" ಎಂದಳು, ಸಯಾನ್‌ನಿಂದ ನೋಡುತ್ತಲೇ ಇದ್ದೇನೆ ಎಂದು. ಸುತ್ತಲಿನ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? ನಾಲ್ಕು ಭಾಷೆಯಲ್ಲಿ ನನ್ನನ್ನು ತೊಳೆದು ಒಣಹಾಕಿದರು.

ಮುಂದಿನ ಸ್ಟೇಷನ್ ವಿದ್ಯಾವಿಹಾರದಲ್ಲಿ ಇಳಿದೆ. ನೋಡಿದರೆ ಬಾಗಿಲಲ್ಲಿದ್ದ ವೈನಿಯೂ ಇಳಿಯುತ್ತಿದ್ದಾರೆ. ನಾನು ಬರಲಿಲ್ಲವೆಂದು ಕುರ್ಲಾದಲ್ಲಿ ಇಳಿಯದೆ ಉಳಿದುಬಿಟ್ಟಿದ್ದರು.

ವಿದ್ಯಾವಿಹಾರ ಆಗ ಸಪ್ಪೆ ಸ್ಟೇಷನ್. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತೆವು. ಹಳಿಗಳಾಚೆ ಆಕಾಶ ಸಿಪ್ಪೆ ಸುಲಿದ ಕಿತ್ತಳೆಯ ಬಣ್ಣಕ್ಕೆ ತಿರುಗಿತ್ತು. ವೈನಿ ಎರಡು ಚಹಾ ತಂದರು.

"ನಿನಗ ಕೊಡೂದೂ ಆಗಲಿಲ್ಲ, ಇಳಿಯೂದೂ ಆಗಲಿಲ್ಲ. ಹೌದಿಲ್ಲೋ?" ಎಂದರು.

ನಾನು ತಲೆ ತಗ್ಗಿಸಿದೆ.

"ನೌಕರಿ ಬಿಡು, ನಾ ಬ್ಯಾಡ ಅನ್ನೂದಿಲ್ಲ. ಬಿಟ್ಟ ಮರುದಿನ ಮುಂಜಾನೆ ಎದ್ದು ಎತ್ತಾಗ ಹೋಗಾಕಿ? ಅದನ್ನ ಹೇಳು."

"ಅಂಗಡಿ ಇಡ್ತೀನಿ ವೈನಿ."

"ಎಲ್ಲಿ?"

"ನೋಡ್ಬೇಕು."

"ಮಷಿನ್ನು?"

"ಅತ್ತೆಯವರ ಹಳೇ ಕೈಮಷಿನ್ನು ಇದೆ. ಅದು ಸ್ವಲ್ಪ... ರಿಪೇರಿ ಆಗ್ಬೇಕು."

"ಮನ್ಯಾಗ ಹೇಳೀಯೇನು?"

ಹೇಳಿರಲಿಲ್ಲ. ಪರದೆಯ ಬಣ್ಣ ಹೇಳೋಣವೆಂದು ಬಾಯಿಗೆ ಬಂತು, ನುಂಗಿಕೊಂಡೆ.

"ಕನಸು ಛೊಲೊ ಅದ ತಂಗಿ. ಆದ್ರ ಪ್ಲಾಟ್‌ಫಾರ್ಮ್ ಯಾವ ಕಡೆ ಬರ್ತದ ಅಂತ ನೋಡದ ಧುಮುಕ್ತಾರೇನು?" ಎಂದು ಕೈ ಚಾಚಿದರು. ರಾಜೀನಾಮೆ ಕೊಟ್ಟೆ. ಓದಿದರು. "ಇಂಗ್ಲಿಷ್ ಛೊಲೊ ಬರೀತಿ" ಎಂದು ಅದನ್ನು ಸುರುಳಿ ಸುತ್ತಿ ಪೊಟ್ಟಣ ಮಾಡಿ, ಚೀಲದಿಂದ ಶೇಂಗಾ ತೆಗೆದು ಸುಲಿಯುತ್ತ ಸಿಪ್ಪೆಯನ್ನೆಲ್ಲ ಅದರೊಳಗೆ ಹಾಕತೊಡಗಿದರು. ನನಗೆ ಅಳು ಬರುತ್ತಿತ್ತು, ನಗುವೂ ಬಂತು. ಇಬ್ಬರೂ ಶೇಂಗಾ ತಿನ್ನುತ್ತ ಹಿಂದಕ್ಕೆ ಹೋಗುವ ರೈಲಿಗೆ ಕಾದೆವು.

ಅಲ್ಲಿಂದ ಶುರುವಾಯಿತು ನಾನು ಕೆಲಸ ಬಿಡುವ ತಯಾರಿ. ಮನೆಯಲ್ಲಿ ಹೇಳಿದೆ. ನಮ್ಮವರು ಪೇಪರಿನಿಂದ ಮುಖ ಎತ್ತಿ, "ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದರು. ಮಷಿನ್ನು ರಿಪೇರಿಯಾಯಿತು. ನಾವಿದ್ದ ಚಾಳಿನ ಕೆಳಗೆ, ಹಿಂದೆ ಇದ್ದಿಲು ಮಾರುತ್ತಿದ್ದ ಮೂಲೆಯ ಖೋಲಿ ಬಾಡಿಗೆಗೆ ಸಿಕ್ಕಿತು. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯಿಂದ ಕಪ್ಪು ಇಣುಕುತ್ತಿತ್ತು. ಮೊದಲ ಬಟ್ಟೆ ವೈನಿಯದೇ. ದಿನವಿಡೀ ಬೋರ್ಡಿಗೆ ಕೈ ಎತ್ತಿ ಎತ್ತಿ ಅವರ ಬಲತೋಳು ಕೊಂಚ ದಪ್ಪ. ಬ್ಲೌಸಿನ ಆ ತೋಳನ್ನು ನೋಡುವವರಿಗೆ ತಿಳಿಯದ ಹಾಗೆ ಸಡಿಲ ಬಿಟ್ಟೆ. ಮರುದಿನ ರೈಲಿನಲ್ಲಿ ವೈನಿ ಅದನ್ನು ತೊಟ್ಟು ಬಂದು ಬಲಗೈ ಎತ್ತಿ ಮೇಲಿನ ಹಿಡಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ನನಗೆ ತೋರಿಸಿದರು.

ರಾಜೀನಾಮೆ ಕೊಡುವ ಮಾತಿನ ತಾಲೀಮೂ ರೈಲಿನಲ್ಲೇ. ವೈನಿ ಮ್ಯಾನೇಜರ್. ಕೆನ್ನೆ ಉಬ್ಬಿಸಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೂರುವರು. ನಾನು ಹಿಡಿ ಹಿಡಿದು ಎದುರು ನಿಂತು ಹೇಳಬೇಕು. ಮೊದಲ ಸಲ ದಾರದ ತುಂಡಿನ ವಿಷಯಕ್ಕೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೆಂತ್ಯ ಬಿಡಿಸುತ್ತಿದ್ದ ಮರಾಠಿ ಹೆಂಗಸು "ಅಗ, ರಡೂ ನಕೋ!" ಎಂದು, ಅಳಬೇಡವೆಂದು, ಸೊಪ್ಪಿನ ಕಟ್ಟು ಎತ್ತಿ ಗದರಿಸಿದಳು.

"ಹಿಂದಿಂದು ಯಾಕ ತಗೀತಿ? ಮುಂದ ಎಲ್ಲಿ ಹೊಂಟೀ, ಅಷ್ಟು ಹೇಳು. ಥ್ಯಾಂಕ್ಸ್ ಹೇಳು. ಬಾಯಿ ಮುಚ್ಚು" ಎಂದರು ಮ್ಯಾನೇಜರು.

ಹಾಗೇ ಮಾಡಿದೆ. ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ, ಒಂದು ತಿಂಗಳ ಮುಂಚಿತ ತಿಳಿವಳಿಕೆ ಕೊಟ್ಟು, ಸ್ವಂತ ಹೊಲಿಗೆಯ ಅಂಗಡಿ ಇಡುತ್ತಿದ್ದೇನೆ ಎಂದು ನಾಲ್ಕೇ ಮಾತಿನಲ್ಲಿ ಹೇಳಿದೆ. ದರ್ಜಿ ಎಂದು ನಕ್ಕವರು ಈಗ ನಗಲಿಲ್ಲ. ನನ್ನ ಜಾಗಕ್ಕೆ ಧಾರಾವಿಯ ಒಬ್ಬ ಹುಡುಗಿಯನ್ನು ಗೊತ್ತುಮಾಡಿದರು. ಅವಳು ತನ್ನ ಹಳೆಯ ಕೆಲಸ ಬಿಟ್ಟು ಬಂದಳು. ಟೈಪ್‌ರೈಟರಿನ ಯಾವ ಅಕ್ಷರ ಸಿಕ್ಕಿಕೊಳ್ಳುತ್ತದೆ, ಮ್ಯಾನೇಜರು ಯಾವ ಹೊತ್ತಿನಲ್ಲಿ ಸಿಡುಕುತ್ತಾರೆ, ಆಗ ಯಾವ ಫೈಲು ಮುಂದಿಡಬಾರದು, ಎಲ್ಲವನ್ನೂ ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ಹೇಳುವಾಗ ನನ್ನ ದನಿಯಲ್ಲೇ ವೈನಿಯ ದನಿ ಕೇಳಿ ನನಗೇ ನಗು ಬಂತು.

ಹೋಗುವ ದಿನ ಹತ್ತಿರ ಬಂದಾಗ ಮ್ಯಾನೇಜರು ಕರೆದು ಕೂರಿಸಿ, ಚಹಾ ತರಿಸಿ, ಇಂಥ ಟೈಪಿಸ್ಟ್ ಸಿಗುವುದಿಲ್ಲ, ಉಳಿದುಬಿಡಿ, ಆ ಹುಡುಗಿಗೆ ಬೇರೆ ಏನಾದರೂ ಹೇಳೋಣ ಎಂದರು. ಸುಳ್ಳೇಕೆ, ಕರಗಿಹೋದೆ. ಇದ್ದಿಲು ಖೋಲಿಯ ಕಪ್ಪು ಗೋಡೆಯನ್ನು ನೆನೆದಾಗ ಆ ಚಹಾ ಬಹಳ ಸಿಹಿಯಾಗಿತ್ತು. ಸಂಜೆ ವೈನಿಗೆ ಹೇಳಿದೆ, "ಇದ್ದುಬಿಡ್ಲಾ ಅನ್ನಿಸ್ತಿದೆ ವೈನಿ. ಅಂಗಡಿ ನಡೀದಿದ್ರೆ?"

"ನಡೀದಿದ್ರ ನಡೀಲಿಲ್ಲ. ಮತ್ತೊಂದು ಹುಡುಕಿದ್ರಾತು." ವೈನಿ ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಆದ್ರ ಕುರ್ಲಾ ಅಂತ ಹೇಳಿ ಆಗೇದಲ್ಲ. ಆ ಹುಡುಗಿ ನಿಂತಾಳಲ್ಲ, ಅಕೀ ಕಾಲು ನೋಡಬೇಕೋ ಬ್ಯಾಡೋ?"

ಬಾತ ಕಾಲಿನ ಮೇಲೆ ಹುಗಿದ ಚಪ್ಪಲಿಯ ಪಟ್ಟಿ ಕಣ್ಣೆದುರು ಬಂತು. ಸಯಾನ್ ಬಂದಾಗ ವೈನಿಗಿಂತ ಮೊದಲು ನಾನೇ ಎದ್ದೆ.

ಅಂಗಡಿ ನಿಂತಿತು. ಒಂದೇ ಸಲಕ್ಕಲ್ಲ, ಕುಂಟುತ್ತ ಕುಂಟುತ್ತ. ಲೇಡೀಸ್ ಡಬ್ಬಿಯೇ ನನ್ನನ್ನು ಸಾಕಿತು. ಒಂದು ದಿನ ಮ್ಯಾನೇಜರೇ ಹೆಂಡತಿಯ ಬ್ಲೌಸ್ ಬಟ್ಟೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. "ಅರ್ಜೆಂಟ್ ಹೈ" ಎಂದರು, ಆಫೀಸಿನಲ್ಲಿ ಹೇಳುತ್ತಿದ್ದ ಹಾಗೆಯೇ. ಅವರ ಕೋಟಿನ ಮೇಲೆ ನನ್ನ ಅಂಗಡಿಯ ದಾರ ಅಂಟಿಕೊಂಡಿತು. ನಾನು ತೆಗೆಯಲಿಲ್ಲ, ಹೇಳಲೂ ಇಲ್ಲ. ಅಷ್ಟು ಮಾತ್ರದ ಸೇಡು ವೈನಿಗೂ ಒಪ್ಪಿಗೆಯಾಯಿತು.

ಆಮೇಲೆ ವೈನಿಯ ಕಂಪನಿಗೂ ಹೊಸ ಯಂತ್ರ ಬಂತು, ತಾನೇ ಲೈನು ಜೋಡಿಸುವಂಥದ್ದು. ಅವರಿಗೆ ಇನ್ನೂ ಸರ್ವೀಸ್ ಇತ್ತು, ಸುಮ್ಮನೆ ಒಂದು ಮೂಲೆಯಲ್ಲಿ ಕೂತಿರಬಹುದಿತ್ತು. ಆದರೆ ಆಫೀಸಿನವರು ಬಾಯಿ ಬಿಡುವ ಮೊದಲೇ ತಾವೇ ಹೇಳಿ, ಹೊಸ ಹುಡುಗಿಯರಿಗೆ ಯಾವ ಸಾಹೇಬರನ್ನು ಹೇಗೆ ಮಾತಾಡಿಸಬೇಕೆಂದು ಕಲಿಸಿ ಬಿಟ್ಟುಬಂದರು. ಅವರ ಕಡೆಯ ಸಂಜೆ ನಾನು ಅಂಗಡಿ ಮುಚ್ಚಿ, ಕುರ್ಲಾದಿಂದ ವಿ.ಟಿ.ಗೆ ಹೋಗಿ, ಅವರ ಪಕ್ಕ ಕೂತು ಮತ್ತೆ ಕುರ್ಲಾಕ್ಕೆ ಬಂದೆ. ಅಂದೂ ಸಯಾನ್‌ನಲ್ಲಿ ಎದ್ದು, ಸೀಟು ಒರೆಸಿ, ಕೂರುವವಳಿಗೆ ಬಿಸಿಲಿನ ವಿಷಯ ಹೇಳಿದರು. ಕಿಟಕಿಯನ್ನು ತಿರುಗಿ ನೋಡಲಿಲ್ಲ. ನಾನು ನೋಡಿದೆ.

ಧ್ವನಿಗಳ ಯಾತ್ರೆ ಹೊರಟರು. ಕೊಲ್ಹಾಪುರದಲ್ಲಿ ಕೋಗಿಲೆ ಕಂಠದ ಹುಡುಗಿ ಎಂದುಕೊಂಡಿದ್ದವಳು ಕಲ್ಲಿ ಮೀಸೆಯ ಗಂಡಸಾಗಿದ್ದನಂತೆ. "ಇಷ್ಟು ವರ್ಷ ಅವಗ ಬೇಟಾ ಬೇಟಾ, ಲಗ್ನ ಮಾಡ್ಕೋ ಅಂತಿದ್ದೆ, ಅವಗ ಮೊಮ್ಮಕ್ಕಳದಾವ!" ಎಂದು ನನ್ನ ಅಂಗಡಿಯಲ್ಲಿ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹುಬ್ಬಳ್ಳಿಗೆ ಹೋದರು, ನಾಗಪುರಕ್ಕೆ ಹೋದರು. ರಾಜಕೋಟ್ ಉಳಿಯಿತು.

ಆಗಲೇ ಹೊಟ್ಟೆಯ ಕಾಯಿಲೆ ಶುರುವಾದದ್ದು. ಡಾಕ್ಟರು ಹೇಳಿದ್ದನ್ನು ಕೇಳಿಕೊಂಡು ಬಂದವರೇ ಮನೆಯ ಸಾಮಾನು ಹಂಚತೊಡಗಿದರು. ತುಳಸಿಯ ಕುಂಡ ಪಕ್ಕದ ಮನೆಗೆ, ಯಾವಾಗ ನೀರು ಹಾಕಬೇಕು ಎಂಬುದರ ಸಮೇತ. ಹಿತ್ತಾಳೆಯ ಸಮೆ ದೀಪ ಯಾರಿಗೋ, ಅದು ಒಂದು ಕಡೆ ವಾಲುತ್ತದೆ ಎಂಬ ಎಚ್ಚರಿಕೆಯ ಸಮೇತ. ನನಗೆ ಸಿಟ್ಟು ಬಂತು. "ಯಾಕೆ ಇಷ್ಟು ಅವಸರ ವೈನಿ, ವಾಸಿಯಾಗುತ್ತೆ ಬಿಡಿ" ಎಂದು ಗದರಿದೆ.

"ಅವಸರ ಅಲ್ಲವಾ. ಸಯಾನ್ ಬಂತು" ಎಂದರು.

ನನ್ನ ಪಾಲಿಗೆ ಬಂದದ್ದು ರಾಜಕೋಟ್. "ಅಕೀಗೆ ಬರ್ತೀನಂತ ಹೇಳೇನಿ. ನೀ ಹೋಗಿ ಹೇಳು. ಫೋನಿನಾಗ ಹೇಳಬ್ಯಾಡ. ಫೋನಿನಾಗ ಜೀವನಪೂರ್ತಿ ಮಾತಾಡೇವಿ. ಮತ್ತ ಬರಿಗೈಲೆ ಹೋಗಬ್ಯಾಡ, ಅಬ್ಬಲಿಗಿ ಒಯ್ಯಿ."

ಅವರು ಹೋದದ್ದು ಒಂದು ಮಧ್ಯಾಹ್ನ, ಫ್ಯಾನಿನ ಸದ್ದಿನ ಕೆಳಗೆ. ನಾನು ಪಕ್ಕದಲ್ಲಿದ್ದೆ. ಲೇಡೀಸ್ ಡಬ್ಬಿಯ ಎಷ್ಟೋ ಹೆಂಗಸರು ಆ ಸಂಜೆ ಕುರ್ಲಾದಲ್ಲಿ ಇಳಿದರು, ತಮ್ಮ ಸ್ಟೇಷನ್ ಅಲ್ಲದಿದ್ದರೂ.

ಅಂಗಡಿ ಇಟ್ಟ ಮೇಲೆ ಬೇರೆ ಊರು ಕಾಣದ ನಾನು ವಿ.ಟಿ.ಯ ಹೊರಗಿನ ಅದೇ ಹೂವಿನವಳಿಂದ ದಂಡೆ ಕೊಂಡು, ಒದ್ದೆ ಬಾಳೆ ಎಲೆಯಲ್ಲಿ ಸುತ್ತಿ ರಾಜಕೋಟ್ ರೈಲು ಹತ್ತಿದೆ. ವೈನಿ ಹೇಳಿಕೊಟ್ಟಿದ್ದ ಗಲ್ಲಿ, ಹೇಳಿಕೊಟ್ಟಿದ್ದ ಮನೆ. ತಲೆಯ ಮೇಲೆ ಸೆರಗು ಹೊದ್ದ ವಯಸ್ಸಾದ ಹೆಂಗಸು ಬಾಗಿಲು ತೆರೆದಳು. ಮುಂಬಯಿಯಿಂದ ಬಂದೆ, ವಹಿನಿ ಕಳಿಸಿದರು ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಆಕೆಯ ಮುಖ ಅರಳಿತು. ನನ್ನನ್ನು ಬಿಟ್ಟು ನನ್ನ ಹಿಂದಿನ ಮೆಟ್ಟಿಲುಗಳನ್ನು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ನನ್ನ ಮುಖ ನೋಡಿದಳು. ನಾನು ಹೇಳಬೇಕಾಗಿ ಬರಲಿಲ್ಲ.

ಒಳಗೆ ಹೋಗಿ ಇಬ್ಬರೂ ಕೂತೆವು. ಮೇಲೆ ಹಳೆಯ ಫ್ಯಾನು ಕಿರುಗುಟ್ಟುತ್ತ ತಿರುಗುತ್ತಿತ್ತು. ಆಕೆ ಅಳುತ್ತ ತಲೆ ಬಗ್ಗಿಸಿದಾಗ ಸೆರಗು ಜಾರಿತು. ಬೆಳ್ಳಗಾದ ಕೂದಲಿನಲ್ಲಿ, ಈ ಕಿವಿಯಿಂದ ಆ ಕಿವಿಯ ತನಕ, ಬೆರಳಗಲದ ಗೆರೆ.

ಬಾಳೆ ಎಲೆ ಬಿಚ್ಚಿದೆ. ಕನಕಾಂಬರ ಬಾಡಿರಲಿಲ್ಲ. ಎದ್ದು ಆಕೆಯ ಹಿಂದೆ ನಿಂತು ದಂಡೆಯನ್ನು ಆ ಗೆರೆಯೊಳಗೆ ಅಡ್ಡಡ್ಡ ಕೂರಿಸಿದೆ. ಯಾರೋ ಮೊದಲೇ ಜಾಗ ಹೇಳಿಟ್ಟ ಹಾಗೆ ಅದು ಜಾರದೆ ಕೂತಿತು.